ಮಾನಸಿಯ ಗೇಮಿಂಗ್ ಲ್ಯಾಪ್‌ಟಾಪ್, ಮಾಪಣ್ಣನವರ ಮೂರು ಅಡಿ

ಗೃಹ ಖರೀದಿ ವಿಭಾಗ
ಬಿ ವಿಂಗ್, ಮೂರನೇ ಮಾಳಿಗೆ, ಡೊಂಬಿವಲಿ (ಪೂರ್ವ)

ಸಂಖ್ಯೆ: ಗೃಖವಿ/ಲ್ಯಾಪ್/02/2016-17
ದಿನಾಂಕ: 29-08-2016

ಸುತ್ತೋಲೆ

ವಿಷಯ: ಮಿತ ಬಜೆಟ್ಟಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಆರಿಸುವ ಕ್ರಮ ಹಾಗೂ ಆರಿಸುವಾಗ ಅದರ ಮೇಲೆ ನೀರು ಚಿಮುಕಿಸದಿರುವ ಬಗ್ಗೆ.

ಉಲ್ಲೇಖ:
1. ಕು. ಮಾನಸಿಯವರ ಮೌಖಿಕ ಅರ್ಜಿ, ದಿ. 1-8-2016 (ಊಟದ ಹೊತ್ತು, ಬಾಯಲ್ಲಿ ಅನ್ನ ಇರುವಾಗ ಸಲ್ಲಿಸಿದ್ದು).
2. ಠಾಣೆಯ ಅಂಗಡಿಯವರ ಬೊಬ್ಬೆ, ದಿ. 7-8-2016.
3. ಈ ವಿಭಾಗದ ಸುತ್ತೋಲೆ 01, ದಿ. 8-8-2016 (ಇನ್ನು ಮುಂದೆ 'ಮೂರು ಅಡಿ ಆದೇಶ').

ಪ್ರಸ್ತಾವನೆ:

ಈ ಮನೆಯ ಮೊಮ್ಮಗಳು ಮಾನಸಿ ಕಾಲೇಜಿನ ಗೇಮ್ ತಂಡದ ಮೂವರಲ್ಲಿ ಒಬ್ಬಳಾಗಿ ಆಯ್ಕೆಯಾಗಿರುತ್ತಾಳೆ. ದಿ. 28-8ರಂದು ಸೀವುಡ್ಸ್‌ನಲ್ಲಿ ನಡೆಯುವ ಸ್ಪರ್ಧೆಗೆ ಪ್ರತಿಯೊಬ್ಬರೂ ಸ್ವಂತ ಲ್ಯಾಪ್‌ಟಾಪ್ ತರತಕ್ಕದ್ದು, ತಾರದವರ ಜಾಗ ಬೇರೆಯವರಿಗೆ ಹೋಗತಕ್ಕದ್ದು ಎಂದು ಕಾಲೇಜಿನವರು ತಿಳಿಸಿರುತ್ತಾರೆ. ವಿಭಾಗದ ಬಜೆಟ್ ಐವತ್ತೈದು ಸಾವಿರ. ಹೆಚ್ಚು ಕೇಳಿದ್ದಕ್ಕೆ ಫ್ರಿಜ್ಜಿನ ಕಡೆ ಬೆರಳು ತೋರಿಸಲಾಯಿತು. ಹೊಸದಕ್ಕೆ ದುಡ್ಡಿಲ್ಲದೆ ಹಳೆಯ ಫ್ರಿಜ್ಜು ಇನ್ನೂ ಅಲುಗುತ್ತಿರುವುದು ಎಲ್ಲರಿಗೂ ಗೊತ್ತಿರುವ ವಿಷಯ.

ದಿ. 7ರಂದು ಮಾನಸಿ, ಆಕೆಯ ತಂದೆ ಹಾಗೂ ಅಜ್ಜ ಶ್ರೀ ಮಾಪಣ್ಣನವರು ಠಾಣೆ ರೈಲ್ವೇ ಸ್ಟೇಷನ್ ಬದಿಯ ಅಂಗಡಿಗೆ ಹೋಗಿರುತ್ತಾರೆ. ಮಾಪಣ್ಣನವರು ಕಲ್ಯಾಣದ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಮಾತು ಕಡಿಮೆ, ನೆನಪು ಜಾಸ್ತಿ. ಶಾಲೆ ನಾಲ್ಕನೆಯ ತರಗತಿ, ಅದೂ ಅರ್ಧ. ಅಂಗಡಿಯವರು ಒಂದು ಲ್ಯಾಪ್‌ಟಾಪ್ ತೋರಿಸಿ, ಇದು ಎಷ್ಟು ಆಡಿದರೂ ಬಿಸಿಯಾಗುವುದಿಲ್ಲ ಎಂದರು. ಮಾಪಣ್ಣನವರು ಕೈಯಲ್ಲಿದ್ದ ಬಾಟಲಿಯ ನೀರಿನಲ್ಲಿ ನಾಲ್ಕು ಬೆರಳು ಅದ್ದಿ, ಕಾವಲಿಗೆ ಚಿಮುಕಿಸುವ ರೀತಿಯಲ್ಲೇ ಅದರ ಮೇಲೆ ಚಿಮುಕಿಸಿದರು. ನೀರು ಚುಂಯ್ ಅನ್ನಲಿಲ್ಲ. ಚುಂಯ್ ಅಂದದ್ದು ಅಂಗಡಿಯವರು.

ಉಲ್ಲೇಖ 2ರ ಸಾರಾಂಶ: "ಅರೆ ಚಾಚಾ, ಏ ತವಾ ನಹೀಂ ಹೈ!"

ಮಾಪಣ್ಣನವರ ಲಿಖಿತವಲ್ಲದ ಸಮಜಾಯಿಷಿ: "ತವಾ ಅಲ್ಲ ಅಂತ ನನಗೂ ಗೊತ್ತುಂಟು ಮಾರಾಯ. ಬಿಸಿ ಆಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ, ಅದಕ್ಕೆ ನೋಡಿದ್ದು."

ಮೂರು ಗುಂಡಿಗಳು ಕೆಲಸ ನಿಲ್ಲಿಸಿ, ಒರೆಸಿದ ಮೇಲೆ ಪುನಃ ಕೆಲಸಕ್ಕೆ ಹಾಜರಾದವು. ವಿಭಾಗವನ್ನು ಅಂಗಡಿಯಿಂದ ಹೊರಗೆ ಕಳುಹಿಸಲಾಯಿತು. ಮರುದಿನವೇ ಮಾಪಣ್ಣನವರು ಯಾವುದೇ ಲ್ಯಾಪ್‌ಟಾಪಿನ ಮೂರು ಅಡಿಯೊಳಗೆ ಬರಕೂಡದೆಂಬ ಆದೇಶ ಹೊರಡಿಸಿ ಅಲುಗುವ ಫ್ರಿಜ್ಜಿಗೆ ಅಂಟಿಸಲಾಯಿತು. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು. ಕುರ್ಚಿ ಎತ್ತಿಕೊಂಡು ಬಾಗಿಲ ಬಳಿ ಹೋಗಿ ಕೂತರು.

ಈ ಹಿನ್ನೆಲೆಯಲ್ಲಿ ಎಲ್ಲ ಸದಸ್ಯರ ಗಮನಕ್ಕೆ ತರುವುದೇನೆಂದರೆ:

1. ಲ್ಯಾಪ್‌ಟಾಪನ್ನು ರುಬ್ಬುವ ಕಲ್ಲು ಆರಿಸುವ ಹಾಗೆ ಎತ್ತಿ ನೋಡಿ, ಭಾರವಾದದ್ದೇ ಒಳ್ಳೆಯದು ಎನ್ನುವುದು ಅವೈಜ್ಞಾನಿಕವೆಂದು ಈ ಹಿಂದೆ ಘೋಷಿಸಲಾಗಿತ್ತು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫ್ಯಾನು ಇರುವುದು ಭಾರದ್ದರಲ್ಲೇ ಎಂದು ಆಮೇಲೆ ತಿಳಿದುಬಂದಿರುವುದರಿಂದ, ಸದರಿ ಘೋಷಣೆಯನ್ನು ಸದ್ದಿಲ್ಲದೆ ಹಿಂಪಡೆಯಲಾಗಿದೆ.

2. ಬಿ ವಿಂಗಿನಲ್ಲಿ ಕಂಪ್ಯೂಟರ್ ಗೊತ್ತಿರುವ ಅಳಿಯಂದಿರು ಒಟ್ಟು ಹನ್ನೊಂದು ಮಂದಿ ಇದ್ದು, ಅವರ ಸಲಹೆಗಳನ್ನು ಭಾನುವಾರ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಸ್ವೀಕರಿಸಲಾಗುವುದು. ಪ್ರತಿ ಅಳಿಯನಿಗೆ ಒಂದು ಸಲಹೆ, ಒಂದು ಚಾ. ಸಲಹೆ ಬದಲಿಸಿದವರಿಗೆ ಎರಡನೇ ಚಾ ಇಲ್ಲ.

3. ಗುಂಡಿಗಳ ಅಡಿಯಲ್ಲಿ ಕೆಂಪು ದೀಪ ಉರಿಯುವುದಕ್ಕೆ ಸೊಸೆ ಶ್ರೀಮತಿ ಜಯಲತಾ ಅವರ ಆಕ್ಷೇಪಣೆ ಇರುವುದಿಲ್ಲ. ಏಳು ಬಣ್ಣ ಒಟ್ಟಿಗೆ ಉರಿಯುವುದನ್ನು ಗಣಪತಿಯ ಹನ್ನೊಂದು ದಿನಕ್ಕೆ ಕಾದಿರಿಸಲಾಗಿದೆ.

4. ನೆಂಟರು ಬಂದಾಗ ಆಟ ನಡೆಯುತ್ತಿದ್ದಲ್ಲಿ ಅದನ್ನು 'ಪ್ರಾಜೆಕ್ಟ್' ಎನ್ನತಕ್ಕದ್ದು. ಪ್ರಾಜೆಕ್ಟಿನಲ್ಲಿ ಬಂದೂಕು ಯಾಕೆ ಎಂದು ಕೇಳಿದರೆ, ಸಿಲೆಬಸ್ ಬದಲಾಗಿದೆ ಎನ್ನತಕ್ಕದ್ದು.

5. ದಿ. 14ರಂದು ಮಾಪಣ್ಣನವರನ್ನು ಮನೆಯಲ್ಲೇ ಬಿಟ್ಟು, ಏಳು ಅಳಿಯಂದಿರ ಬಹುಮತದಂತೆ ವಾಶಿಯಲ್ಲಿ ಲ್ಯಾಪ್‌ಟಾಪ್ ಖರೀದಿಸಲಾಯಿತು. ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಎದೆಗವುಚಿಕೊಳ್ಳಲು ಹಗುರ, ನೋಡಲು ತೆಳ್ಳಗೆ, ಬಜೆಟ್ಟಿನ ಒಳಗೆ. ಆಡಲು ಕೂತರೆ ಹದಿನೇಳು ನಿಮಿಷಕ್ಕೆ ಕಾದು, ತಾನೇ ಆರಿಹೋಗುತ್ತಿತ್ತು. ಅಂಗಡಿಯವರು ಎಸಿ ಕೋಣೆಯಲ್ಲಿ ಆಡಿ ಎಂದರು. ಎಸಿಗೆ ಬಜೆಟ್ ಇರುವುದಿಲ್ಲ. ಸ್ಪರ್ಧೆಯ ಒಂದು ಸುತ್ತು ನಲವತ್ತು ನಿಮಿಷ. ದಿ. 24ರ ಸಂಜೆ ಮಾನಸಿ ತಂಡದವರಿಗೆ ಫೋನ್ ಮಾಡಿ, "ಮೇರಾ ನಾಮ್ ಕಾಟ್ ದೋ" (ನನ್ನ ಹೆಸರು ಹೊಡೆದುಹಾಕಿ) ಎಂದದ್ದನ್ನು ಬಾಗಿಲ ಬಳಿಯಿಂದ ಕೇಳಿಸಿಕೊಳ್ಳಲಾಗಿದೆ.

6. ಮಾಪಣ್ಣನವರು ಆದೇಶವನ್ನು ಮೀರದೆ, ಮೂರು ಅಡಿ ದೂರದಲ್ಲೇ ನಿಂತು ಹತ್ತು ನಿಮಿಷ ನೋಡಿರುತ್ತಾರೆ. ಲ್ಯಾಪ್‌ಟಾಪ್ ಹಾಸಿಗೆಯ ಮೇಲಿತ್ತು. "ಅಡಿಗೆ ಗಾಳಿ ಇಲ್ಲ ಮಗಾ. ಉಸಿರು ಕಟ್ಟಿದ್ದು ಅದಕ್ಕೆ" ಎಂದರು. ಹೋಟೆಲು ಮುಚ್ಚಿದ ದಿನ ತಂದಿಟ್ಟಿದ್ದ, ಗುಳಿಗೊಂದು ತೂತಿರುವ ಹದಿನಾರು ಗುಳಿಯ ಇಡ್ಲಿ ತಟ್ಟೆಯನ್ನು ಅಟ್ಟದಿಂದ ಇಳಿಸಿ, ಕವುಚಿ ಹಾಕಿ, ಕಾಲಿನಿಂದ ಮೆಲ್ಲಗೆ ಮೊಮ್ಮಗಳ ಕಡೆ ದೂಡಿದರು. ಕೈಯಿಂದ ಕೊಟ್ಟಿದ್ದರೆ ಎರಡೂವರೆ ಅಡಿ ಆಗುತ್ತಿತ್ತು.

7. ಹದಿನಾರು ಉಬ್ಬುಗಳ ಮೇಲೆ ಕೂತ ಲ್ಯಾಪ್‌ಟಾಪ್ ಒಂದು ಗಂಟೆ ನಲವತ್ತು ನಿಮಿಷ ಆರಲಿಲ್ಲ. ಮಾನಸಿ ಪುನಃ ಫೋನ್ ಮಾಡಿ ಹೆಸರು ಸೇರಿಸಿದಳು.

8. ಸೀವುಡ್ಸ್‌ನಲ್ಲಿ ಸದರಿ ತಟ್ಟೆಯನ್ನು ಕಾವಲುಗಾರರು ತಡೆದಾಗ ಮಾನಸಿ ಕೊಟ್ಟ ಉತ್ತರ, "ಅಜ್ಜಾ ಕಾ ಕೂಲಿಂಗ್ ಪ್ಯಾಡ್ ಹೈ". ಇದನ್ನು ಅಧಿಕೃತ ಹೆಸರಾಗಿ ಅಂಗೀಕರಿಸಲಾಗಿದೆ. ತಂಡವು ಮೂರನೇ ಸುತ್ತಿನಲ್ಲಿ ಸೋತಿರುತ್ತದೆ. ಲ್ಯಾಪ್‌ಟಾಪ್ ಕೊನೆಯವರೆಗೆ ಆರಿರುವುದಿಲ್ಲ. ಸೋಲಿಗೆ ತಟ್ಟೆ ಹೊಣೆಯಲ್ಲ. ಗೆದ್ದ ತಂಡದ ಲ್ಯಾಪ್‌ಟಾಪ್ ಎರಡು ಸಲ ಆರಿದ್ದು, ಆ ತಂಡದವರು ತಟ್ಟೆ ಎಲ್ಲಿ ಸಿಗುತ್ತದೆಂದು ವಿಚಾರಿಸಿರುತ್ತಾರೆ.

9. ಇನ್ನು ಮುಂದೆ ಈ ಮನೆಗೆ ಬರುವ ಯಾವುದೇ ಲ್ಯಾಪ್‌ಟಾಪನ್ನು ಕೊಳ್ಳುವ ಮೊದಲು ಅಂಗಡಿಯಲ್ಲಿ ಅರ್ಧ ಗಂಟೆ ಆಡಿಸಿ, ಅಡಿಭಾಗಕ್ಕೆ ಮಾಪಣ್ಣನವರ ಅಂಗೈ ಹಿಡಿಸತಕ್ಕದ್ದು. ಒಂದರಿಂದ ಒಂಬತ್ತು ಎಣಿಸುವವರೆಗೆ ಕೈ ನಿಂತರೆ ಖರೀದಿ, ಐದಕ್ಕೇ ಎತ್ತಿದರೆ ಮುಂದಿನ ಅಂಗಡಿ. ನೀರಿನ ಬಾಟಲಿ ಜಯಲತಾ ಅವರ ವಶದಲ್ಲಿರತಕ್ಕದ್ದು.

10. ಮೂರು ಅಡಿ ಆದೇಶವನ್ನು ಈ ಕೂಡಲೇ ರದ್ದುಪಡಿಸಲಾಗಿದೆ. ಅದನ್ನು ಹೊರಡಿಸಿದವರಿಗೆ ನಾಚಿಕೆಯಾಗಿದೆಯೇ ಎಂಬ ಪ್ರಶ್ನೆ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ಆದರೂ, ಆಗಿದೆ.

(ಸಹಿ)
ಜಯಶೀಲ
ವಿಭಾಗದ ಮುಖ್ಯಸ್ಥ, ಮಾಪಣ್ಣನವರ ಮಗ
(ಹಗಲು ಹೊತ್ತು: ಬೇಲಾಪುರದ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್)

ಪ್ರತಿಗಳು:
1. ಠಾಣೆಯ ಅಂಗಡಿಯವರಿಗೆ, ನೀರು ಒಣಗಿದೆಯೆಂಬ ಭರವಸೆಯಿಂದ.
2. ಏಳು ಅಳಿಯಂದಿರಿಗೆ, ಚಾ ಇಲ್ಲದೆ.
3. ಅಡುಗೆಮನೆಗೆ, ತಟ್ಟೆ ಕರ್ತವ್ಯದ ಮೇಲಿರುವುದರಿಂದ ದೊಡ್ಡ ಪ್ರಮಾಣದ ಇಡ್ಲಿ ಸಾಧ್ಯವಿಲ್ಲವೆಂಬ ಮಾಹಿತಿಗಾಗಿ.
4. ಫ್ರಿಜ್ಜಿಗೆ, ಹಳೆಯ ಆದೇಶ ಕಿತ್ತ ಜಾಗದಲ್ಲಿ ಅಂಟಿಸಲು.
5. ಶ್ರೀ ಮಾಪಣ್ಣನವರಿಗೆ, ಮಾನಸಿಯ ಪಕ್ಕದ ಕುರ್ಚಿ. (ಹಿಂದಿನ ವಿಳಾಸ: ಬಾಗಿಲ ಬಳಿ.)