ಹೊಸ ವರ್ಷನ್ ಬಂದೈತ್ರೀ!

ಬ್ಲಾಗಿನ ಸಾಫ್ಟ್‌ವೇರಿಗೆ ಹೊಸ ವರ್ಷನ್ ಬರುವುದು ನಿಂತರೆ ನನ್ನ ಬಾಳಿನಲ್ಲಿ ನಗುವುದಕ್ಕೆ ಏನೂ ಉಳಿಯಲಿಕ್ಕಿಲ್ಲ. ಆದರೆ ಅದು ನಿಲ್ಲುವ ಪೈಕಿ ಅಲ್ಲ.

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಕ್ಲಾಸಿದೆ. ಅದರ ಜೊತೆಗೆ ಸುತ್ತಲಿನ ಊರುಗಳ ಕೆಲವರ ಬ್ಲಾಗುಗಳನ್ನೂ ನೋಡಿಕೊಳ್ಳುತ್ತೇನೆ. ಬರೆಯುವವರು ಅವರು, ಒಳಗಿನ ಸಾಫ್ಟ್‌ವೇರನ್ನು ಆಗಾಗ ಹೊಸದು ಮಾಡುವವಳು ನಾನು. ಹೊಸ ವರ್ಷನ್ ಬಂತೆಂದರೆ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿಯೊಂದು ಮೂಡುತ್ತದೆ. ಅದು ಕಂಡಿತೋ, ನನಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಕದಿದ್ದರೆ ಕಳ್ಳರು ಒಳಗೆ ನುಗ್ಗಿಯಾರು ಎಂಬ ಅಂಜಿಕೆ, ಹಾಕಿದರೆ ಏನು ಮುರಿದೀತೋ ಎಂಬ ಅಂಜಿಕೆ. ಊಟದ ತಾಟಿನ ಮುಂದೆಯೂ ಮೊಬೈಲು ತಿಕ್ಕುತ್ತಿದ್ದರೆ ಅವ್ವ ಕೇಳುತ್ತಾಳೆ: "ನಿನ್ನ ಕಾಲಾಗ ಯಾರರೆ ಇರಿವಿ ಬಿಟ್ಟಾರೇನ ಬೇ?"

ದುರಸ್ತಿ

ರಬಕವಿಯಲ್ಲಿ ಒಬ್ಬರು ಸೀರೆ ವ್ಯಾಪಾರಿ ಇದ್ದಾರೆ. ಹೊಸ ಸೀರೆ ಮಗ್ಗದಿಂದ ಇಳಿಯುತ್ತಲೇ ಫೋಟೋ ತೆಗೆದು ಬ್ಲಾಗಿಗೆ ಹಾಕುತ್ತಾರೆ. ನಾನು ವರ್ಷನ್ ಬದಲಿಸುವಾಗ ಸ್ವಲ್ಪ ಹೊತ್ತು ಬ್ಲಾಗು ಮುಚ್ಚುತ್ತದೆ. ಆಗ ನೋಡಿದವರಿಗೆ ತಿಳಿಯಲೆಂದು ಅಚ್ಚ ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟಿದ್ದೆ: "ಒಳಗೆ ದುರಸ್ತಿ ನಡೆದಿದೆ. ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ."

ಒಂದು ದಿನ ಬದಲಿಸುವ ಕೆಲಸ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ನಾನು ಇಲ್ಲಿ ಕೀಲಿಮಣೆ ಕುಟ್ಟುತ್ತಿದ್ದೆ. ಅಷ್ಟರಲ್ಲಿ ವ್ಯಾಪಾರಿಯ ಫೋನು.

"ತಂಗೀ, ಮಹಾಲಿಂಗಪುರದಿಂದ ಮದವಿ ಜವಳಿಗೆ ಮಂದಿ ಬಂದಾರ. ಅಂಗಡಿ ಕಟ್ಟಿ ಮ್ಯಾಲ ಕುಂತಾರ. ಒಳಗ ಬರ್ರಿ ಅಂದ್ರ ಬರವೊಲ್ರು!"

"ಯಾಕಂತರಿ?"

"ಮೊಬೈಲ್ ತೋರಸ್ತಾರ. ಒಳಗ ದುರಸ್ತಿ ನಡದೈತಿ, ಕಾಯ್ರಿ ಅಂತ ನೀವ ಬರದೀರಲ್ಲಾ ಅಂತಾರ!"

ಹೇಗೋ ಗಂಟು ಬಿಡಿಸಿದೆ. ಬ್ಲಾಗು ತೆರೆಯಿತು, ಕಟ್ಟೆಯ ಮೇಲಿನ ಮಂದಿಯೂ ಎದ್ದರು. ಎಲ್ಲರಿಗಿಂತ ಮುಂದೆ ಒಳಗೆ ಬಂದ ಹಿರಿಯ ಹೆಂಗಸು ಸೀರೆಯ ಕಡೆ ನೋಡಲೇ ಇಲ್ಲವಂತೆ. ಗೋಡೆ ನೋಡಿದಳು, ತಲೆ ಎತ್ತಿ ಮಾಳಿಗೆ ನೋಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಇಷ್ಟೊತ್ತನಕ ಏನ್ ದುರಸ್ತಿ ಮಾಡಿದ್ರಿ? ಫ್ಯಾನ್ ಇನ್ನೂ ಕರ್‌ಕರ್ ಅನ್ನಾಕತ್ತೈತಿ!"

ತಂದೆ-ತಾಯಿ

ಮುಧೋಳದಲ್ಲಿ ಬೇಟೆನಾಯಿ ಸಾಕುವ ಒಬ್ಬರ ಬ್ಲಾಗೂ ನನ್ನ ಪಾಲಿಗಿದೆ. ಮುಧೋಳ ನಾಯಿ ಎಂದರೆ ತಳಿ ಮುಖ್ಯ. ಯಾವ ಮರಿಗೆ ಯಾವ ತಂದೆ, ಯಾವ ತಾಯಿ, ಅಜ್ಜ ಯಾರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅದನ್ನೇ ಅಭಿಮಾನದಿಂದ ಬ್ಲಾಗಿನಲ್ಲಿ ಬರೆಯುತ್ತಾರೆ.

ಬ್ಲಾಗಿನ ಬಣ್ಣ, ಅಂಚು, ಅಕ್ಷರಗಳ ಅಂದವನ್ನು ನಮ್ಮ ಕಸುಬಿನಲ್ಲಿ ಥೀಮ್ ಅನ್ನುತ್ತೇವೆ. ಒಂದು ಮೂಲ ಥೀಮ್ ಇರುತ್ತದೆ, ಅದು ಪೇರೆಂಟ್. ಅದರ ಮೇಲೆ ನಾವು ಕೂರಿಸಿಕೊಂಡದ್ದು ಚೈಲ್ಡ್. ಹೊಸ ವರ್ಷನ್ ಹಾಕುವ ಗಡಿಬಿಡಿಯಲ್ಲಿ ಆ ಮೂಲ ಥೀಮೇ ಮಾಯವಾಯಿತು. ಸಾಫ್ಟ್‌ವೇರು ಸುಮ್ಮನಿರಬೇಕಲ್ಲ? ಮಾಲೀಕರ ಪರದೆಯ ಮೇಲೆ ದೊಡ್ಡಕ್ಷರದಲ್ಲಿ ದೂರು ಬರೆಯಿತು: "ಪೇರೆಂಟ್ ಕಾಣೆಯಾಗಿದೆ."

ಆಗ ಅವರ ಮುಂದೆ ಬೆಳಗಾವಿಯ ಗಿರಾಕಿಯೊಬ್ಬರು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರಂತೆ. ಮರಿಯ ವಂಶಾವಳಿ ತೋರಿಸುತ್ತೇನೆಂದು ಇವರು ಲ್ಯಾಪ್‌ಟಾಪ್ ತಿರುಗಿಸಿದ್ದಾರೆ. ಗಿರಾಕಿ ಓದಿ, ಮರಿಯ ಮುಖ ನೋಡಿ, ಮೆಲ್ಲಗೆ ಕೆಳಗೆ ಇಳಿಸಿದ್ದಾರೆ.

ನನ್ನ ಕಿವಿ ಕಿತ್ತುಹೋಗುವಂತೆ ಫೋನು ಬಂತು. "ಮೇಡಂ, ನಮ್ಮ ಮನಿತನದ ಮರ್ಯಾದಿ ತಗದ್ರಿ! ಮರಿ ಅವ್ವ ಅಂಗಳದಾಗ ಅಡ್ಡ ಬಿದ್ದೈತಿ, ಅಪ್ಪ ಬಾಗಲಾ ಕಾಯಾಕತ್ತಾನ. ನಿಮ್ಮ ಕಂಪ್ಯೂಟರಿಗೆ ಕಾಣೂದಿಲ್ಲೇನ?"

"ಅದು ನಾಯೀದಲ್ರಿ ಸಾಹೇಬ್ರ, ಥೀಮಿಂದು ಪೇರೆಂಟ್. ಈಗ ತಂದು ಕೂಡಸ್ತೇನಿ."

"ಯಾರನ್ನ ತಂದು ಕೂಡಸ್ತೀರಿ? ಹೊರಗಿನ ಪೇರೆಂಟ್ ನಮಗ ಬ್ಯಾಡ್ರಿ! ನಮ್ಮದು ಶುದ್ಧ ತಳಿ!"

ನೀವು ಮನುಷ್ಯರೇ?

ಹಿಪ್ಪರಗಿಯ ಬ್ಯಾರೇಜಿನ ಹತ್ತಿರ ಕಬ್ಬು ಬೆಳೆಯುವ ರೈತರೊಬ್ಬರು ಹೊಳೆಯ ನೀರಿನ ಸುದ್ದಿಗೆಂದೇ ಬ್ಲಾಗು ನಡೆಸುತ್ತಾರೆ. ಗೇಟು ತೆಗೆದರೆ ಮೊದಲು ಅವರು ಬರೆಯಬೇಕು, ಕೆಳಗಿನ ಊರುಗಳಲ್ಲಿ ಹೊಳೆದಂಡೆಗೆ ಕುರಿ ಬಿಟ್ಟವರು ಓದಿ ಮೇಲಕ್ಕೆ ಹೊಡೆದುಕೊಂಡು ಹೋಗಬೇಕು. ಹಾಗಾಗಿ ಆ ಬ್ಲಾಗಿನ ಮಟ್ಟಿಗೆ ನನಗೆ ಸದಾ ಪುಕುಪುಕು.

ಹೊಸ ವರ್ಷನ್ ಬಂದ ಮೇಲೆ ಒಳಗೆ ಹೋಗುವ ಬಾಗಿಲಲ್ಲಿ ಒಂದು ಪರೀಕ್ಷೆ ಶುರುವಾಯಿತು. ನೀವು ಯಂತ್ರವಲ್ಲ, ಮನುಷ್ಯರೇ ಎಂದು ತೋರಿಸಲು ಟ್ರ್ಯಾಕ್ಟರ್ ಇರುವ ಚಿತ್ರಗಳನ್ನು ಒತ್ತಬೇಕು. ಸರಿಯಾಗಿ ಗೇಟು ತೆಗೆದ ದಿನವೇ ಅವರು ಹೊರಗೆ ಉಳಿದು, ನನಗೆ ಫೋನು ಹಚ್ಚಿದರು.

"ಬಿಡವೊಲ್ದು ನೋಡ್ರಿ ಅಕ್ಕಾರ! ಮತ್ತ ಮತ್ತ ಕೇಳಾಕತ್ತೈತಿ."

"ಟ್ರ್ಯಾಕ್ಟರ್ ಇರೋ ಚಿತ್ರಾ ಎಲ್ಲಾ ಒತ್ತೀರೇನ್ರಿ?"

"ಒಂದರಾಗೂ ಟ್ರ್ಯಾಕ್ಟರ್ ಇಲ್ರೀ. ಬರೇ ಇಂಜಿನ್ ಅದಾವ, ಟ್ರೇಲರ್ ಇಲ್ಲ. ಟ್ರೇಲರ್ ಇಲ್ಲದ್ದು ಅದ್ಯಾವ ಟ್ರ್ಯಾಕ್ಟರ್?"

ವಾದಕ್ಕೆ ಹೊತ್ತಿರಲಿಲ್ಲ. ನೀರಿನ ಸುದ್ದಿಯನ್ನು ನಾನೇ ಇಲ್ಲಿಂದ ಬರೆದು ಹಾಕಿದೆ. ಅವರು ಕುರಿಯವರಿಗೆ ಫೋನು ಹಚ್ಚಿದರು. ಕೆಳಗಿನ ಊರುಗಳ ಹಿಂಡುಗಳೆಲ್ಲ ದಂಡೆ ಏರಿದವು ಎಂದು ಗೊತ್ತಾದ ಮೇಲೆಯೇ ನಾನು ಕುರ್ಚಿಗೆ ಬೆನ್ನು ಹಚ್ಚಿದ್ದು. ಸಂಜೆ ಅವರು ಮತ್ತೆ ಫೋನು ಮಾಡಿ ನಿಟ್ಟುಸಿರು ಬಿಟ್ಟರು.

"ನೀ ಮನುಷ್ಯಾ ಹೌದೋ ಅಲ್ಲೋ ಅಂತ ನಮ್ಮ ಮನಿಯಾಕಿನೂ ದಿನಾ ಕೇಳ್ತಾಳ್ರಿ. ಆದ್ರ ಆಕಿ ಟ್ರ್ಯಾಕ್ಟರ್ ಚಿತ್ರಾ ತೋರಸಂಗಿಲ್ಲ."

ಹಳೆಯ ಪ್ರತಿ

ಬೀಳಗಿಯ ಅಜ್ಜನೊಬ್ಬ ಬೀರಪ್ಪ ದೇವರ ಡೊಳ್ಳಿನ ಪದ ಹಾಡುತ್ತಾನೆ. ಮೊಮ್ಮಗಳು ಅವನ್ನೆಲ್ಲ ಬ್ಲಾಗಿಗೆ ಏರಿಸುತ್ತಾಳೆ. ಒಮ್ಮೆ ಅಪ್‌ಡೇಟಿನಲ್ಲಿ ಎಲ್ಲ ಅಳಿಸಿಹೋಯಿತು. ಆ ಹುಡುಗಿ ಅಳತೊಡಗಿದಳು. ನಾನು ಸ್ಕೂಟಿ ಹೊಡೆದುಕೊಂಡು ಬೀಳಗಿಗೇ ಹೋದೆ.

"ಅಂಜಬ್ಯಾಡ ಯಜ್ಜಾ, ಹಳೇದೊಂದು ಪ್ರತಿ ತಗದ ಇಟ್ಟೇನಿ. ಹೋದದ್ದೆಲ್ಲಾ ಹೊಳ್ಳಿ ಬರತೈತಿ," ಎಂದೆ.

ಗುಂಡಿ ಒತ್ತಿದೆ. ಪದಗಳು ಬಂದವು, ಫೋಟೋಗಳೂ ಬಂದವು. ಮೊದಲ ಫೋಟೋದಲ್ಲಿ ಅಜ್ಜ ಡೊಳ್ಳು ಹೊತ್ತು ಬಾಯಿತುಂಬ ನಗುತ್ತಿದ್ದ. ಅಜ್ಜ ಬಗ್ಗಿ ಅದನ್ನೇ ನೋಡಿದ. ನಾಲಿಗೆಯಿಂದ ತನ್ನ ಬೋಳು ವಸಡನ್ನೊಮ್ಮೆ ಸವರಿಕೊಂಡ.

"ಛಲೋ ಆತವ್ವಾ, ಹಾಡು ಬಂದ್ವು. ಇನ್ನ ಅದ ಗುಂಡಿ ಒತ್ತಿ ಈ ಹಲ್ಲನೂ ತಂದ ಬಿಡು."

ಮಾಸ್ತರರು ಹೋದರು

ಜಮಖಂಡಿಯಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರಿದ್ದಾರೆ. ನಿವೃತ್ತರಾದ ಮೇಲೆ ಶಿಷ್ಯರೆಲ್ಲ ಸೇರಿ ಅವರಿಗೊಂದು ಬ್ಲಾಗು ಮಾಡಿಕೊಟ್ಟೆವು. ಅವರು ಬರೆದ ಕೂಡಲೇ ಎಲ್ಲ ಶಿಷ್ಯರಿಗೂ ಮೇಲ್ ಹೋಗುವಂತೆ ಏರ್ಪಾಟು.

ಒಂದು ಬೆಳಿಗ್ಗೆ ಆ ಬ್ಲಾಗಿಗೆ ಹೊಸ ವರ್ಷನ್ ಹಾಕಿ ಬನಹಟ್ಟಿಗೆ ಹೋಗಿದ್ದೆ. ಅಲ್ಲಿಗೆ ಗೆಳತಿಯ ಫೋನು ಬಂತು. ಅಳುತ್ತಿದ್ದಳು. "ಮಾಸ್ತರು ಹೋದ್ರಂತ! ಮೇಲ್ ಬಂದೈತಿ, ನೋಡಿಲ್ಲೇನು?"

ತೆರೆದರೆ ಹೌದು. ಮೇಲೆ ಮಾಸ್ತರರ ಫೋಟೋ, ಕೆಳಗೆ ತಲೆಬರಹ: "ಮಾಸ್ತರರು ಹೋದರು." ಮುಂದೆ ಓದಲು ಕಣ್ಣು ಕಾಣಬೇಕಲ್ಲ? ಸ್ಕೂಟಿ ಹತ್ತಿದೆ. ದಾರಿತುಂಬ ಕಬ್ಬಿನ ಗಾಡಿಗಳ ಸಾಲು. ಮುಂದೆ ಹೋಗಲಾಗದು, ನಿಲ್ಲಲಾಗದು. ಹಾರ್ನ್ ಹೊಡೆಯುತ್ತ, ಅಳುತ್ತ, ಗಾಡಿಯವರ ಕೈಲಿ ಬೈಸಿಕೊಳ್ಳುತ್ತ ಬಂದೆ.

ನಾನು ಮುಟ್ಟುವ ಮೊದಲು ನಡೆದದ್ದನ್ನು ಆಮೇಲೆ ಅವರ ಮನೆಯವರು ಹೇಳಿದರು. ಮಾಸ್ತರರು ಕಟ್ಟೆಯ ಮೇಲೆ ಕೂತು ಚುರುಮುರಿ ಗಿರಮಿಟ್ಟು, ಮಿರ್ಚಿ ಭಜಿ ತಿನ್ನುತ್ತಿದ್ದರಂತೆ. ಮುಧೋಳದಿಂದ ಮೊದಲು ಬಂದ ಶಿಷ್ಯ ತಲೆ ತಗ್ಗಿಸಿಕೊಂಡೇ ಚಪ್ಪಲಿ ಬಿಟ್ಟು, ಮುಖ ಎತ್ತದೆ, ಕಟ್ಟೆಯ ಮೇಲಿದ್ದವರನ್ನೇ ಕೇಳಿದ: "ಯಾವಾಗ ಆತ್ರಿ?"

"ಈಗ ನಡದೈತಿ. ಮಿರ್ಚಿ ಬಿಸಿ ಅದಾವ, ಕುಂಡ್ರು," ಎಂದರಂತೆ ಮಾಸ್ತರರು.

ಅವನು ತಲೆ ಎತ್ತಿ ನೋಡಿ, ತಂದ ಹಾರವನ್ನು ಬೆನ್ನ ಹಿಂದೆ ಮುಚ್ಚಿದ. ಆ ಹೊತ್ತಿಗೆ ಬಿಜಾಪುರದ ಶಿಷ್ಯರ ಜೀಪೂ ಬಂದು ನಿಂತಿತು.

ನಾನು ಹೋದಾಗ ಅಂಗಳತುಂಬ ಮಂದಿ. ಹಾರಗಳೆಲ್ಲ ಬೆನ್ನ ಹಿಂದೆ. ನಡುವೆ ಮಾಸ್ತರರು, ಅವರ ಮುಂದೆ ಬಿಜಾಪುರದವರು ತಂದ ದೊಡ್ಡ ಬ್ಯಾನರ್. ಕೈಯಲ್ಲಿ ಪೆನ್ನು ಹಿಡಿದು ಗದರಿಸುತ್ತಿದ್ದರು: "ಶೃದ್ಧಾಂಜಲಿ ಅಲ್ಲಲೇ, ಶ್ರದ್ಧಾಂಜಲಿ! ಸಾಯೂತನಕ ಕಲಿಸಿದ್ರೂ ನಿಮಗ ಶ್ರ ಬರಲಿಲ್ಲಲ್ಲೋ!"

ಆಗಿದ್ದಿಷ್ಟೆ: ಅವರು ಎಷ್ಟೋ ವರ್ಷದ ಹಿಂದೆ, ತಮಗೆ ಕಲಿಸಿದ ಮಾಸ್ತರರು ತೀರಿಕೊಂಡಾಗ ಬ್ಲಾಗಿನಲ್ಲಿ ಬರೆದದ್ದನ್ನು ಹೊಸ ವರ್ಷನ್ ಇವತ್ತಿನ ಬರಹವೆಂದು ತಿಳಿದು ಎಲ್ಲರಿಗೂ ಕಳಿಸಿಬಿಟ್ಟಿತ್ತು.

ಮಾಸ್ತರರನ್ನು ಕಂಡು ನನಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ಕಾಲು ಮುಟ್ಟಿ, "ಸರ, ಅದು ಅಪ್‌ಡೇಟ್..." ಎಂದು ತೊದಲಿದೆ.

ಮಾಸ್ತರರು ಪೆನ್ನಿನ ಮುಚ್ಚಳ ಹಾಕಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಅದು ಇರಲಿ. ಬಿಜಾಪುರದವ್ರು ಬಂದು, ಅತ್ತು, ಚಾ ಕುಡದು ಕುಂತಾರ. ನೀ ಊರಾನಾಕಿ, ಈಗ ಬಂದ್ಯಾ? ನಾ ಖರೇನ ಸತ್ತಿದ್ರ, ಮಣ್ಣ ಕೊಟ್ಟು ಎಲ್ಲಾರೂ ಮನಿಗೆ ಹೋದ ಮ್ಯಾಲ ಬರ್ತಿದ್ದಿ ನೋಡು!"