ಕಾಕಾ ಬಡಿದು ನೋಡಿದ ಹೈಸ್ಕೂಲು

...ಅಥವಾ ಅವತ್ತು ಕಾಕಾ ಮೊದಲು ಬಡಿದದ್ದು ಗೋಡೆಯನ್ನೋ, ಬಾಗಿಲನ್ನೋ? ನನಗೆ ಗೋಡೆಯೆಂದೇ ನೆನಪು. ನನ್ನ ಹೆಂಡತಿ ಬಾಗಿಲು ಅನ್ನುತ್ತಾಳೆ. ಅವಳು ಅಲ್ಲಿ ಇರಲೇ ಇಲ್ಲ! ಆದರೂ ಅವಳು ಹೇಳುವಾಗ ಆ ಬಾಗಿಲಿನ ಹಸಿರು ಬಣ್ಣ, ಸಡಿಲಾದ ಚಿಲಕ ಎಲ್ಲ ಎಷ್ಟು ಸ್ಪಷ್ಟವಾಗಿ ಕಾಣುತ್ತವೆಂದರೆ, ಅಲ್ಲೇ ನಿಂತಿದ್ದ ನಾನೇ ಸೋಲುತ್ತೇನೆ. ಹೀಗಾಗಿ ಮುಂದಿನದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾವಿಬ್ಬರೂ ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಬೆಳೆಸಿದ್ದು ಎಂದು ದಯವಿಟ್ಟು ಕೇಳಬೇಡಿ. ಒಂದು ಮಾತು ಮಾತ್ರ ಖರೆ. ಬೆಳಗಾವಿಯ ಶಾಲೆಗಳು ಮಕ್ಕಳನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಶಾಲೆಗಳನ್ನೇ ಪರೀಕ್ಷೆ ಮಾಡಿ ಫೇಲು ಮಾಡಿದ ಪಾಲಕ ನಮ್ಮ ಕಾಕಾ ಒಬ್ಬನೇ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ನೌಕರಿ. ಭಟ್ಟಿಯಿಂದ ಇಳಿದ ಹಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗಂಟಿನಿಂದ ಬಡಿದು, ಕಿವಿಗೊಟ್ಟು ಕೇಳುವುದು. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಬೊದ್ ಅಂದರೆ ಒಳಗೆಲ್ಲೋ ಬಿರುಕಿದೆ, ಆ ಕಡೆ ಇಡು. ಇಷ್ಟೇ ಕೆಲಸ. ಆದರೆ ಹರೆಯದಿಂದ ಇದನ್ನೇ ಮಾಡಿಕೊಂಡು ಬಂದ ಮನುಷ್ಯ ಕಾರ್ಖಾನೆಯ ಗೇಟು ದಾಟಿದ ಕೂಡಲೇ ಕೈಕಟ್ಟಿ ಕೂರುತ್ತಾನೆಯೇ? ಕಲ್ಲಂಗಡಿ ಬಡಿಯಲಿ, ತೆಂಗಿನಕಾಯಿ ಬಡಿಯಲಿ, ಅದನ್ನು ಎಲ್ಲರೂ ಮಾಡುತ್ತಾರೆ. ಕಾಕಾ ಅಂಗಡಿಯಲ್ಲಿ ಹೊಸ ಚಪ್ಪಲಿ ಬಡಿದು ಕೇಳುತ್ತಿದ್ದ. ನನಗೆ ಹೆಣ್ಣು ನೋಡಲು ಹೋದಾಗ ಹೆಣ್ಣಿನವರ ಪಡಸಾಲೆಯ ಕಂಬ ಬಡಿದು, ತುಂಬಿದ ಸಭೆಯಲ್ಲಿ, "ಘಟ್ಟಿ ಐತಿ ತಮ್ಮಾ, ಮಾಡ್ಕೊ" ಅಂದ.

"ನನ್ನ ಮಾರಿ ಸೈತ ನೋಡಲಿಲ್ಲ ನಿಮ್ಮ ಕಾಕಾ. ಕಂಬಾ ನೋಡಿ ಒಪ್ಪಿಕೊಂಡ್ರು!" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಈ ಕಾಕಾನ ಒಬ್ಬಳೇ ಮಗಳು ನೀಲಾ ಏಳನೆಯ ತರಗತಿ ಪಾಸಾದ ವರ್ಷದ ಮಾತಿದು. ಎಪ್ಪತ್ತರ ದಶಕದ ಕೊನೆ ಇರಬೇಕು. ನಾನು ಮದುವೆಯಾಗಿ ಬೆಳಗಾವಿಯ ಅನಗೋಳದ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಖಾನಾಪುರದ ಮನೆಯಲ್ಲಿ ಆಗ ನಡೆಯುತ್ತಿದ್ದದ್ದು ಆಯಿಯ ಮಾತು. ಆಯಿ ಎಂದರೆ ಕಾಕಾನ ಅವ್ವ, ನನಗೆ ಅಜ್ಜಿ. ಆಯಿ ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟಳು:

"ದೊಡ್ಡ ಹುಡುಗೂರ ಬಾಜೂಕ ಕುಂತು ಕಲಿಯೂದು ಬ್ಯಾಡ. ಬೆಳಗಾಂವ್ಯಾಗ ಹೆಣ್ಣುಮಕ್ಕಳ ಸಾಲ್ಯಾಗ ಜಾಗಾ ಸಿಕ್ರ ಹೋಗ್ಲಿ. ಸಿಗಲಿಲ್ಲಂದ್ರ ನಂದಗಡದವ್ರಿಗೆ ಬರ್ರಿ ಅಂತ ಹೇಳಿ ಕಳಸ್ತೀನಿ."

ನಂದಗಡದವರೆಂದರೆ ಗಂಡಿನ ಕಡೆಯವರು. ಒಳ್ಳೆಯ ಜನ, ಹೊಲ ಇತ್ತು, ಎಮ್ಮೆಗಳಿದ್ದವು. ಆದರೆ ನೀಲಾಗೆ ಆಗಿನ್ನೂ ತನ್ನ ಎರಡು ಜಡೆಗಳನ್ನು ಒಂದೇ ಎತ್ತರಕ್ಕೆ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ! ಅವಳ ಅವ್ವ, ಅಂದರೆ ನನ್ನ ಕಾಕು, ಅತ್ತೆಯ ಎದುರು ಮಾತಾಡುವವಳಲ್ಲ. ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಆ ಬೇಸಿಗೆಯಲ್ಲಿ ಆ ಮನೆಯ ರೊಟ್ಟಿಗಳಷ್ಟು ತೆಳ್ಳಗಿನ ರೊಟ್ಟಿಗಳನ್ನು ನಾನು ಎಲ್ಲೂ ತಿಂದಿಲ್ಲ.

ಕಾಕಾ ಶಾಲೆ ಹುಡುಕಲು ಬೆಳಗಾವಿಗೆ ಬಂದ. ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಮೊದಲ ಶಾಲೆಯ ಕಂಪೌಂಡು ದಾಟಿದ್ದೇ ತಡ, ಗೋಡೆ ಬಡಿದ. (ನೋಡಿದಿರಾ, ಗೋಡೆಯೇ!) ಕಿವಿ ಹಚ್ಚಿದ. ಮುಖ ಕಿವುಚಿದ.

"ಬ್ಯಾಡ ತಮ್ಮಾ. ಬೊದ್ ಅಂತೈತಿ."

"ಕಾಕಾ, ಗ್ವಾಡಿ ಏನ ಪಾಠಾ ಹೇಳ್ತಾವೇನು?"

"ಕಟ್ಟಿಸಿದವ್ರು ಹೇಳ್ತಾರಲ್ಲೋ! ಮ್ಯಾಲ ಸುಣ್ಣಾ ಬಳದು ಒಳಗ ಪೊಳ್ಳ ಇಟ್ಟವ್ರು ಹುಡುಗಿ ತಲ್ಯಾಗ ಏನ ತುಂಬ್ತಾರ?"

ಎಷ್ಟು ದೊಡ್ಡ ಮಾತು ಎಂದು ನಾನು ತಲೆದೂಗಿದೆ. ಆಮೇಲೆ ತಿಳಿಯಿತು, ಕಾಕಾ ಬಡಿದದ್ದು ಶಾಲೆಯ ಗೋಡೆಯನ್ನಲ್ಲ, ಅದಕ್ಕೆ ಹೊಂದಿಕೊಂಡಿದ್ದ ಹಿಟ್ಟಿನ ಗಿರಣಿಯದನ್ನು. ಎರಡನೆಯ ಶಾಲೆಯಲ್ಲಿ ಬಡಿಯುವ ಪ್ರಸಂಗವೇ ಬರಲಿಲ್ಲ. ಮಾಡಿನ ಮೇಲೆ ಬೇರೆ ಊರಿನ ಹಂಚಿದ್ದವು. ಕಾಕಾ ರಸ್ತೆಯಿಂದಲೇ ನೋಡಿ ಸೈಕಲ್ ತಿರುಗಿಸಿದ.

"ಅವ್ರೇನು ನಿನ್ನ ಮಗಳಿಗೆ ಆರತಿ ಹಿಡಕೊಂಡು ನಿಂತಾರೇನು ಕಾಕಾ? ನಾವು ಕೇಳಾಕ ಬಂದವ್ರು!" ಎಂದು ನಾನು ರೇಗಿದೆ.

"ಕೇಳಾಕ ಬಂದೇವಂತ ಕಣ್ಣ ಮುಚಗೊಂಡು ಕೇಳೂದೇನು?"

ಮೂರನೆಯದು ಹೆಣ್ಣುಮಕ್ಕಳ ಹೈಸ್ಕೂಲು. ಹೆಸರು ಬೇಡ. ಮಾಡಿನ ಮೇಲೆ ಖಾನಾಪುರದ ಹಂಚು. ಕಾಕಾನ ಮುಖ ಅರಳಿತು. ನೀಲಾಳನ್ನು ಕರೆದುಕೊಂಡು ಬಂದು ಮುಖ್ಯೋಪಾಧ್ಯಾಯಿನಿಯ ಕೋಣೆಯ ಮುಂದೆ ನಿಂತೆವು. ಅವರನ್ನು ಎಲ್ಲರೂ ದೊಡ್ಡ ಅಕ್ಕಾರು ಎನ್ನುತ್ತಿದ್ದರು. ಇಲ್ಲಿ ಬಾಗಿಲು ಬರುತ್ತದೆ, ಒಪ್ಪುತ್ತೇನೆ. ಅರ್ಧ ತೆರೆದ ಆ ಬಾಗಿಲಿನ ಮೇಲಿನ ಹಲಗೆಯನ್ನು ಕಾಕಾ ಬಡಿದ.

"ಬರ್ರಿ ಒಳಗ" ಎಂದಿತು ಒಳಗಿನ ಧ್ವನಿ.

ಕಾಕಾ ನಡುವಿನ ಹಲಗೆ ಬಡಿದ.

"ಬರ್ರಿ ಅಂದೆನಲ್ಲಾ!"

ಕಾಕಾ ಚೌಕಟ್ಟು ಬಡಿದು, ಕಣ್ಣು ಮುಚ್ಚಿ, ಕಿವಿ ಹಚ್ಚಿದ.

"ಯಾರ್ರಿ ಅದು? ಬಾಗ್ಲಾ ತೆಗದ ಐತಿ, ಕಾಣೂದಿಲ್ಲೇನು?" ಎನ್ನುತ್ತ ದೊಡ್ಡ ಅಕ್ಕಾರೇ ಎದ್ದು ಬಂದರು. ಕಾಕಾ ಅಷ್ಟರಲ್ಲಿ ಬಗ್ಗಿದ್ದ.

"ಒಂದ ಮಿನಿಟ ತಡೀರಿ ಅಕ್ಕಾರ, ಕೆಳಗಿಂದೊಂದು ಹಲಗಿ ಉಳದೈತ್ರಿ."

"ಬಡಗ್ಯಾರೇನ್ರಿ ನೀವು?"

"ಅಲ್ರಿ. ಪಾಲಕರು."

ನಾನು ಗೋಡೆಯ ಕಡೆ ಮುಖ ಮಾಡಿದೆ. ದೊಡ್ಡ ಅಕ್ಕಾರು ಕನ್ನಡಕದ ಮೇಲಿನಿಂದ ಕಾಕಾನನ್ನು ಬಹಳ ಹೊತ್ತು ನೋಡಿ, ನೀಲಾಳನ್ನು ಕೇಳಿದರು, "ನಿಮ್ಮಪ್ಪಾರು ಏನ ಮಾಡ್ತಾರವ್ವಾ?"

"ಹಂಚು ಏನಂತಾವು ಅಂತ ಕೇಳ್ತಾರ್ರಿ."

"ಏನಂತಾವು?"

"ಒಂದೊಂದು ಒಂದೊಂದು ಅಂತಾವ್ರಿ. ಅಪ್ಪಗ ಅಷ್ಟ ಕೇಳಸ್ತೈತಿ."

ಅವರು ನಕ್ಕರೋ ಇಲ್ಲವೋ, ನಾನು ಗೋಡೆ ನೋಡುತ್ತಿದ್ದೆ. ಜಾಗ ಬಹಳ ಕಡಿಮೆ ಇದೆ, ಬರುವ ಸೋಮವಾರ ಅಂಗಳದಲ್ಲಿ ಆಯ್ಕೆಯಾದವರ ಹೆಸರು ಕೂಗಿಸುತ್ತೇವೆ, ಬನ್ನಿ ಎಂದರು.

ಸೋಮವಾರದ ತನಕ ಕಾಯಬೇಕಲ್ಲ! ಕಾಕಾ, ಕಾಕು, ನೀಲಾ ಮೂವರೂ ನಮ್ಮ ಮನೆಗೇ ಬಂದು ಕೂತರು. ಕಾಕಾ ಕೂರಲಿಲ್ಲ. ಗೋಡೆ, ಮಂಚ, ಹಂಡೆ, ನನ್ನ ಬೆನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದ. ನಮ್ಮದೂ ಪಕ್ಕದ ಮನೆಯದೂ ಒಂದೇ ಗೋಡೆ. ಪಕ್ಕದ ಮನೆಯ ಮಾವಶಿ ಮರಾಠಿ ಮಾತಿನವರು, ಒಂಟಿ ಹೆಂಗಸು. ಬಡಿತ ಕೇಳಿದಾಗಲೆಲ್ಲ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಿದ್ದರು, ಯಾರೂ ಇಲ್ಲ. ಎರಡನೆಯ ದಿನ ಹೊಸ್ತಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮೂರನೆಯ ದಿನ ನಮ್ಮ ಮನೆಗೆ ಬಂದು ಪಿಸುಗುಟ್ಟಿದರು:

"ಅಯ್ಯ, ನಿಮ್ಮ ಕಡೀನೂ ಕೇಳಸ್ತದ ಏನ? ಮಾಝಾ ನವರಾ ಹೋಗಿ ವರ್ಸ ಆತು. ಅವರದೂ ಹಿಂಗ ಸವಯ, ರೂಢಿ ಇತ್ತು, ಬಡದ ಬರತಿದ್ರು."

ಸತ್ತ ಗಂಡನೇ ಬಂದು ಬಾಗಿಲು ಬಡಿಯುತ್ತಾನೆಂದು ಅವರು ನಂಬಿದ್ದರು! ಕಾಕಾ ತನ್ನ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಹಳ ಗಂಭೀರವಾಗಿ, "ಇನ್ನ ಬರೂದಿಲ್ರಿ ಮಾವಶಿ, ಹೋದ್ರು" ಎಂದು ಸಮಾಧಾನ ಹೇಳಿದ. ಮಾವಶಿ ಅತ್ತರು.

ನನ್ನ ಹೆಂಡತಿ ಕಾಕಾನ ಕೈಗೆ ಕೆಲಸ ಕೊಡಲೆಂದು ಒಂದು ಮೊರ ಶೇಂಗಾ ತಂದಿಟ್ಟಳು. "ಮಾವಾರ, ಸುಲದು ಕೊಡ್ರಿ." ಕಾಕಾ ಒಂದೊಂದೇ ಶೇಂಗಾ ಬಡಿದು, ಕೇಳಿ, ಆಮೇಲೆ ಸುಲಿದ. ಶೇಂಗಾ ಹೋಳಿಗೆ ಆಗಬೇಕಾಗಿದ್ದದ್ದು ಮರುದಿನಕ್ಕೆ ಹೋಯಿತು. ಕಾಕು ಮಾತ್ರ ಮೂಲೆಯಲ್ಲಿ ಕೂತು, ಹೆಸರು ಬಂದೇಬಿಟ್ಟಿದೆ ಎಂಬಂತೆ, ಶಾಲೆಯ ನೀಲಿ ಲಂಗ ಹೊಲಿಯುತ್ತಿದ್ದಳು.

ಸೋಮವಾರ ಅಂಗಳದ ತುಂಬ ತಂದೆತಾಯಿಗಳು. ಕಾಕಾನ ಕೈಯಲ್ಲಿ ಕುಂದಾದ ಡಬ್ಬಿ. ಶಾಲೆಯ ಸಿಪಾಯಿ ಕಟ್ಟೆಯ ಮೇಲೆ ನಿಂತು ಹೆಸರು ಕೂಗತೊಡಗಿದ. ಆತನಿಗೆ ವಿಪರೀತ ಕೆಮ್ಮು.

"ನೀಲಾ..." ಎಂದು ಕೂಗಿದವನೇ ಕೆಮ್ಮತೊಡಗಿದ.

ಅಷ್ಟು ಸಾಕಾಯಿತು. ಕಾಕಾ ಡಬ್ಬಿ ತೆರೆದು, ಎಡಗಡೆಯವರ ಬಾಯಿಗೆ, ಬಲಗಡೆಯವರ ಬಾಯಿಗೆ, ಬೇಡ ಬೇಡ ಎನ್ನುತ್ತಿದ್ದ ಒಬ್ಬ ಪೊಲೀಸನ ಬಾಯಿಗೂ ಕುಂದಾ ತುರುಕಿದ. ಸಿಪಾಯಿ ಕೆಮ್ಮು ಮುಗಿಸಿ ಹೆಸರನ್ನು ಪೂರ್ತಿ ಮಾಡಿದ. "ನೀಲಾ ಬಸಪ್ಪ."

ನಮ್ಮ ಕಾಕಾ ಬಸಪ್ಪ ಅಲ್ಲ. ಬಸಪ್ಪನವರು ಬೇವಿನ ಗಿಡದ ಕೆಳಗೆ ಕರಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದರು. ಕಾಕಾ ಒಂದು ಕ್ಷಣ ಡಬ್ಬಿ ನೋಡಿದ. ಆಮೇಲೆ ಅದನ್ನು ಹಿಡಿದುಕೊಂಡು ಅವರ ಹತ್ತಿರವೇ ಹೋದ.

"ತಗೋರಿ. ನಿಮ್ಮದರೇ ಆತಲ್ಲ."

ಕೊನೆಯ ಹೆಸರಿನವರೆಗೂ ನಿಂತೆವು. ನಮ್ಮ ನೀಲಾ ಬರಲಿಲ್ಲ. ಅಂಗಳ ಖಾಲಿಯಾದ ಮೇಲೆ ಕಾಕು ಬಾಯಿ ಬಿಟ್ಟಳು. "ಈಗ ಅತ್ತಿಯಾರಿಗೆ ಏನ ಹೇಳೂದು?"

"ಸಿಕ್ಕೈತಿ ಅಂತ ಹೇಳೂದು" ಅಂದ ಕಾಕಾ.

ನಾವು ತಮಾಷೆ ಎಂದುಕೊಂಡೆವು. ಕಾಕಾ ಉಳಿದ ಕುಂದಾ ಹಿಡಿದುಕೊಂಡು ಸಂಜೆಯ ಪ್ಯಾಸೆಂಜರ್ ಗಾಡಿ ಹತ್ತಿ ಹೋಗಿ, ಹಾಗೆಯೇ ಹೇಳಿಬಿಟ್ಟ! ಆಯಿ ಕುಂದಾ ತಿಂದು, ನಂದಗಡದವರಿಗೆ ಈಗಲೇ ಬರಬೇಡಿ ಎಂದು ಹೇಳಿ ಕಳಿಸಿದಳು. ಈಗ ನೋಡಿ ಫಜೀತಿ. ಶಾಲೆಯಲ್ಲಿ ಜಾಗವಿಲ್ಲದ ಹುಡುಗಿ ಊರಿಗೂ ಹೋಗುವಂತಿಲ್ಲ. ನೀಲಾ ಅನಗೋಳದ ನಮ್ಮ ಮನೆಯಲ್ಲಿ ಉಳಿದಳು. ಜೂನ್ ಬಂತು, ಶಾಲೆ ಶುರುವಾಯಿತು. ಕಾಕಾ ಪಾಳಿ ಬದಲಿಸಿಕೊಂಡು ಬೆಳಗಿನ ಗಾಡಿಗೆ ಬರುತ್ತಿದ್ದ. ಲಂಗ ಉಟ್ಟ ಮಗಳನ್ನು ಕರೆದುಕೊಂಡು ಹೋಗಿ ಶಾಲೆಯ ಗೇಟಿನ ಕಟ್ಟೆಯ ಮೇಲೆ ಕೂರುತ್ತಿದ್ದ.

"ಮತ್ತ ಬಂದ್ರಿ?" ಎನ್ನುತ್ತಿದ್ದ ಸಿಪಾಯಿ.

"ಯಾರರೇ ಬಿಟ್ಟು ಹೋಗ್ಯಾರೇನ್ರಿ?"

"ಯಾರೂ ಬಿಟ್ಟಿಲ್ರಿ."

"ಯಾರ ಅಪ್ಪಗರೇ ಬದ್ಲಿ ಆಗೇತೇನ್ರಿ?"

"ನೀವ ಮಾಡಸ್ತಿದ್ರ ನೋಡ್ರಿ!"

ಸಿಪಾಯಿ ಚೇಷ್ಟೆಗೆ ಅಂದದ್ದು ಕಾಕಾನ ತಲೆಗೆ ಹೊಕ್ಕಿತು. ಬೆಳಗಾವಿಯಲ್ಲಿ ಎಂಟನೆಯ ತರಗತಿಯ ಹೆಣ್ಣುಮಗಳಿರುವ, ವರ್ಗಾವಣೆಯಾಗುವಂಥ ದೊಡ್ಡ ನೌಕರಿಯವರು ಯಾರು ಯಾರಿದ್ದಾರೆ ಎಂದು ವಿಚಾರಿಸಿ, ಒಂದು ಬ್ಯಾಂಕಿಗೆ ಹೋಗಿ, ಮ್ಯಾನೇಜರರ ಮೇಜು ಬಡಿದು, "ಸಾಹೇಬ್ರ, ನಿಮ್ಮನ್ನ ಈ ವರ್ಸ ಎಲ್ಲಿಗೂ ಒಗಿಯೂದಿಲ್ಲೇನ್ರಿ?" ಎಂದು ಕೇಳಿದನಂತೆ. ನಾನು ಇದನ್ನು ನಂಬುವುದಿಲ್ಲ. ನನ್ನ ಹೆಂಡತಿ ನಂಬುತ್ತಾಳೆ. ಮೇಜಿನ ಮೇಲೆ ಹಾಸಿದ ಗಾಜು ಅವಳಿಗೆ ಈಗಲೂ ಕಾಣುತ್ತದೆ.

ಇತ್ತ ನೀಲಾ ಊರಿಗೆ ಹೋದರೆ ಏನಾದರೂ ಕಲಿತಂತೆ ಕಾಣಬೇಕಲ್ಲ ಎಂದು ನನ್ನ ಹೆಂಡತಿ ಇಂಗ್ಲಿಷ್ ಹೇಳಿಕೊಟ್ಟಳು, ನಾನು ಬೀಜಗಣಿತ ಹೇಳಿಕೊಟ್ಟೆ. "ಅಣ್ಣಾ, ಇದರ ಉತ್ತರಾ ದಿನಾ ಬ್ಯಾರೆ ಬರತೈತೆಲ್ಲ?" ಎಂದು ಹುಡುಗಿ ಕೇಳಿದ ದಿನ ಬೀಜಗಣಿತ ನಿಂತಿತು.

ಒಂದು ಬೆಳಗ್ಗೆ ಕಾಕಾ ಬಂದವನೇ ನೀರು ಕೇಳಿದ. "ಶನಿವಾರ ಅವ್ವ ಬರ್ತಾಳಂತ. ಸಾಲಿ ನೋಡಾಕ."

ಶನಿವಾರ ದೂರವೇನಿರಲಿಲ್ಲ. ಆಯಿ ಗೇಟಿನ ಕಟ್ಟೆಯ ಮೇಲೆ ಕೂತ ಮೊಮ್ಮಗಳನ್ನು ಒಂದು ಸಲ ನೋಡಿದರೆ ಮುಗಿಯಿತು, ಭಾನುವಾರವೇ ನಂದಗಡದ ಬಸ್ಸು. ನಾನು, ಕಾಕಾ, ನೀಲಾ ಶಾಲೆಗೆ ಹೋದೆವು. ಸಿಪಾಯಿ ತಡೆಯುವ ಮೊದಲೇ ಕಾಕಾ ದೊಡ್ಡ ಅಕ್ಕಾರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ನಾವಿಬ್ಬರೂ ಪಡಸಾಲೆಯಲ್ಲಿ ನಿಂತೆವು. ಎಷ್ಟು ಹೊತ್ತು? ನನ್ನ ನೆನಪಿನಲ್ಲಿ ಮಧ್ಯಾಹ್ನದವರೆಗೆ. ಒಂದು ಪೀರಿಯಡ್ಡೂ ಆಗಿರಲಿಲ್ಲ ಎನ್ನುತ್ತಾಳೆ ನೀಲಾ.

ಬಾಗಿಲು ತೆರೆದು ದೊಡ್ಡ ಅಕ್ಕಾರು ಹೊರಗೆ ಬಂದರು. ಕನ್ನಡಕ ಕೈಯಲ್ಲಿತ್ತು. ನನ್ನನ್ನು ನೋಡಲಿಲ್ಲ. ನೀಲಾಳ ಮಣಿಕಟ್ಟು ಹಿಡಿದು, "ನಡಿ, ಪಾಠಾ ಭಾಳ ಮುಂದ ಹೋಗ್ಯಾವು" ಎಂದು ಕರೆದುಕೊಂಡು ಹೊರಟೇಬಿಟ್ಟರು. ತರಗತಿಯ ಬಾಗಿಲಲ್ಲಿ ನೀಲಾ ತಿರುಗಿ ನೋಡಿದಳು. ಕಾಕಾ ಇನ್ನೂ ಒಳಗೇ ಇದ್ದ. ನಾನು ಹೋಗಿ ನೋಡಿದೆ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

"ಹೋದ್ಲೇನು?"

"ಹೋದ್ಲು."

"ಹೊಳ್ಳಿ ನೋಡಿದ್ಲೇನು?"

"ನೋಡಿದ್ಲು ಕಾಕಾ."

"ನೋಡ್ತಾಳಂತ ಗೊತ್ತಿತ್ತು. ಅದಕ್ಕ ನಾ ಹೊರಗ ಬರಲಿಲ್ಲ" ಎಂದು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

ಒಳಗೆ ಏನಂದೆ ಎಂದು ದಾರಿಯುದ್ದಕ್ಕೂ ಕೇಳಿದೆ. "ಇದ್ದದ್ದು ಹೇಳಿದೆ" ಎಂದಷ್ಟೇ ಅಂದ. ಯಾವುದು ಇದ್ದದ್ದು? ಆಯಿಗೆ ಹೇಳಿದ ಸುಳ್ಳೋ, ನಂದಗಡದ ಮಾತೋ, ಬೇರೆ ಏನೋ? ಶನಿವಾರ ಆಯಿ ಬಂದಾಗ ನೀಲಾ ತರಗತಿಯ ಒಳಗೇ ಇದ್ದಳು. ಎಷ್ಟೋ ವರ್ಷಗಳ ಮೇಲೆ, ಅದನ್ನು ಹೇಳದೆಯೇ ಕಾಕಾ ತೀರಿಕೊಂಡ. ನೀಲಾ ಶಾಲೆ ಸೇರಿದ ದಿನ ಯಾರ ಜಾಗ ಖಾಲಿಯಾಗಿತ್ತೆಂದು ಸಿಪಾಯಿಯನ್ನು ಕೇಳಿದ್ದೆ, ಯಾರದೂ ಇಲ್ಲ, ಒಂದು ಬೆಂಚಿನ ಮೇಲೆ ಇನ್ನೊಬ್ಬಳನ್ನು ಕೂರಿಸಿದರು ಎಂದ.

ನೀಲಾ ಈಗಲೂ ಸಿಕ್ಕಾಗ ಕೇಳುತ್ತಾಳೆ, "ಅಣ್ಣಾ, ಖರೇ ಹೇಳು, ಅಪ್ಪಾ ಒಳಗ ಏನಂದಿದ್ದ?" ನಾನೇ ಬಾಗಿಲ ಹತ್ತಿರ ನಿಂತಿದ್ದೆ, ನಾನು ಕೇಳಿಸಿಕೊಂಡಿದ್ದೇನೆ, ಬೇಕೆಂದೇ ಮುಚ್ಚಿಡುತ್ತೇನೆ ಎಂದು ಅವಳ ನಂಬಿಕೆ. ಅವಳ ಮದುವೆಯಲ್ಲಿ ನಗಿಸಲು ಒಂದು ಉತ್ತರ ಕೊಟ್ಟಿದ್ದೆ. ಕಾಕಾ ತೀರಿಕೊಂಡ ವರ್ಷ ಇನ್ನೊಂದು ಕೊಟ್ಟೆ. ಎರಡೂ ನನ್ನವು. ಕಾಕಾ ಅವತ್ತು ಏನಂದನೋ, ನನಗೆ ಗೊತ್ತಿಲ್ಲ.