ಹೇಳಿದ್ದನ್ನೇ ಹೇಳದ ರೇಡಿಯೋ

"ಬಾಳಕ್ಕಾ, ಕಣ್ಣು ಮುಚ್ಚು! ಈಗ ಮಂತ್ರಿಗಳು ನಿನ್ನ ಮಗ್ಗದ ಕಟ್ಟಿ ಮ್ಯಾಲೆ ಕುಂತು ಮಾತಾಡಿದಂಗ ಕೇಳ್ತೈತಿ ನೋಡು!" ಎಂದ ಮುರಿಗೆಪ್ಪ.

ನಾನು ಕಣ್ಣು ಮುಚ್ಚಿದೆ. ಏನೂ ಕೇಳಿಸಲಿಲ್ಲ.

"ಮಂತ್ರಿಗಳು ಇನ್ನೂ ಬಂದಿಲ್ಲೇನಪಾ?"

"ಮಂತ್ರಿಗಳು ಬಂದಾರ. ಸಿಗ್ನಲ್ ಬಂದಿಲ್ಲ."

ಮುರಿಗೆಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನದು ರೇಡಿಯೋ-ಟಿ.ವಿ. ರಿಪೇರಿ ಅಂಗಡಿ. ರಿಪೇರಿಗಿಂತ ಹೊಸ ಯಂತ್ರ ಹುಡುಕುವುದರಲ್ಲೇ ಅವನಿಗೆ ಆಸಕ್ತಿ. ಹೋಳಿಗೆ ತಟ್ಟುವ ಯಂತ್ರ ಮಾಡಿದಾಗ ಅದು ಹೋಳಿಗೆ ಬಿಟ್ಟು ಗೋಡೆಯನ್ನೇ ತಟ್ಟಿ ತೂತು ಮಾಡಿತು. ಆ ತೂತಿನಲ್ಲಿ ನಾನೂ ಅವನ ಹೆಂಡತಿ ಕಾಶವ್ವನೂ ಈಗ ಉಪ್ಪು, ಸಾಸಿವೆ ಕೊಟ್ಟು ತೆಗೆದುಕೊಳ್ಳುತ್ತೇವೆ. ಅವನ ಯಂತ್ರಗಳಿಂದ ಉಪಯೋಗವೇ ಆಗಿಲ್ಲ ಎಂದು ಹೇಳಿದರೆ ಶಿವ ಮೆಚ್ಚುವುದಿಲ್ಲ.

ಈ ಸಲ ಅವನು ತಂದಿದ್ದು ಡಿಜಿಟಲ್ ರೇಡಿಯೋ. ಅದನ್ನು ಮಾರಿದ ಅಂಗಡಿಯವನು ಹೇಳಿ ಕಳಿಸಿದ್ದನ್ನು ಮುರಿಗೆಪ್ಪ ಮಂತ್ರದಂತೆ ಬಾಯಿಪಾಠ ಮಾಡಿಕೊಂಡಿದ್ದ. ಗೊರಗೊರ ಸದ್ದು ಇಲ್ಲವೇ ಇಲ್ಲ. ಒಂದೇ ಅಲೆಯ ಮೇಲೆ ಎಷ್ಟೋ ಕಾರ್ಯಕ್ರಮ. ಮುಖದ ಮೇಲೆ ಅಕ್ಷರದಲ್ಲಿ ಸುದ್ದಿ. ಕರೆಂಟು ಬೇಕೋ ಬೇಡವೋ ಅನ್ನುವಷ್ಟು ಕಮ್ಮಿ. ಎಲ್ಲ ನಿಜವೇ ಇರಬಹುದು. ಆದರೆ ನಮ್ಮದು ನೇಕಾರ ಓಣಿ. ಎದುರಿನ ಸಾಲಿನಲ್ಲಿ ಪಾವರ್ ಲೂಮುಗಳು ಶುರುವಾದವೆಂದರೆ ಹೊಸ ರೇಡಿಯೋ ಉಸಿರು ಕಟ್ಟಿದವರಂತೆ ಕುಳಿತುಬಿಡುತ್ತಿತ್ತು. ಲೂಮು ನಿಂತಾಗ ಮಾತು, ಲೂಮು ಓಡಿದಾಗ ಮೌನ.

"ಹಳೇ ರೇಡಿಯೋ ಗೊರ್ ಅಂದ್ರೂ ನಡುವೆ ನಡುವೆ ನಾಕು ಮಾತು ಹೇಳ್ತಿತ್ತು" ಎಂದಳು ಕಾಶವ್ವ. "ಇದಕ್ಕ ಬಾಳ ಸಿಟ್ಟು. ಪೂರಾ ಹೇಳ್ತೀನಿ, ಇಲ್ಲಾಂದ್ರ ಬಾಯಿ ಬಿಡೋದಿಲ್ಲ ಅಂತೈತಿ. ನಮ್ಮತ್ತಿ ಹಿಂಗ ಇದ್ದಳು."

"ಹಳೇದು ಸೋಸದ ನೀರು, ಇದು ಸೋಸಿದ ನೀರು!" ಎಂದ ಮುರಿಗೆಪ್ಪ.

"ಸೋಸಿದ್ದು ಖರೆ. ಕೊಡದಾಗ ಎಲ್ಲೈತಿ?"

ಕಾಶವ್ವ ಸುಮ್ಮನೆ ಜಗಳ ತೆಗೆಯುವವಳಲ್ಲ. ಅವಳ ಸಂಕಟಕ್ಕೆ ಕಾರಣವಿತ್ತು. ನಮ್ಮ ಓಣಿಯ ಅಕ್ಕನ ಬಳಗ ಪ್ರತಿ ಸೋಮವಾರ ಭಜನೆ ಮಾಡುತ್ತದೆ. ಕಾಶವ್ವ ಮುಂದೆ ಹಾಡುತ್ತಾಳೆ, ನಾನು ತಾಳ ಹಾಕುತ್ತೇನೆ, ಗಂಗವ್ವ ಮತ್ತು ಉಳಿದವರು ಹಿಂದೆ ಹೇಳುತ್ತಾರೆ. ರೇಡಿಯೋ ಕೇಂದ್ರದವರು ಒಮ್ಮೆ ಬಂದು ನಮ್ಮ ಪದವೊಂದನ್ನು ಧ್ವನಿಮುದ್ರಣ ಮಾಡಿಕೊಂಡು ಹೋಗಿದ್ದರು. ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಪ್ರಸಾರ ಎಂದು ತಿಳಿಸಿದ್ದರು. ಹೊಸ ಡಿಜಿಟಲ್ ಅಲೆಯಲ್ಲಿ ಮಾತ್ರ, ಅದೂ ಒಂದೇ ಸಲ.

ಕಾಶವ್ವ ತನ್ನ ದನಿಯನ್ನು ತಾನು ಕೇಳಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ಓಣಿಗೆಲ್ಲ ಕೇಳುವಂತೆ ಹಾಡಿದ್ದಾಳೆ, ಅವಳಿಗೆ ಮಾತ್ರ ಕೇಳಿಲ್ಲ. ಫೋನಿನಲ್ಲಿ ಹಿಡಿಯೋಣವೇ ಎಂದು ನಾನು ಕೇಳಿದರೆ, "ದೇವರ ಪದ ಕಿಸೇದಾಗ ಇಟಗೊಂಡು ತಿರುಗೋದಲ್ಲಬೇ. ರೇಡಿಯೋದಾಗ ಬರಲಿ, ನಾಕು ಮಂದಿ ನಡುವ ಕುಂತು ಕೇಳತೀನಿ" ಎಂದಿದ್ದಳು. ಗಂಗವ್ವ ಆಗಾಗ ಚುಚ್ಚುವುದೂ ಇತ್ತು: "ಕಾಶಿ, ನಿನ್ನ ದನಿ ಚೊಲೋ ಐತಿ ಅಂತ ನೀನ ತಿಳಕೊಂಡೀಯೋ, ಮತ್ಯಾರಾದ್ರೂ ಹೇಳ್ಯಾರೋ?" ಅಂಥ ಮಾತು ನಗುತ್ತಾ ಹೇಳಿದರೂ ಒಳಗೆ ಕೂತುಬಿಡುತ್ತದೆ.

ಆದ್ದರಿಂದ ಕಾಶವ್ವ ಗಂಡನಿಗೆ ಸ್ಪಷ್ಟವಾಗಿ ಹೇಳಿದಳು: "ಶ್ರಾವಣ ಸೋಮವಾರ ಇದು ಬಾಯಿ ಬಿಡಬೇಕು. ಬಿಡಲಿಲ್ಲಂದ್ರ ನಾ ಬಾಯಿ ಬಿಡತೀನಿ."

ಮುರಿಗೆಪ್ಪ ಹೆದರಿದ. ಹೆದರಿದಾಗಲೇ ಅವನಿಗೆ ದೊಡ್ಡ ದೊಡ್ಡ ವಿಚಾರಗಳು ಹೊಳೆಯುವುದು.

ಕೆಲ ದಿನಗಳಲ್ಲಿ ರೇಡಿಯೋದ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಕೂತಿತು. ಹೆಸರು 'ಪುನರುಕ್ತಿ ನಿವಾರಕ'!

"ಬಾಳಕ್ಕಾ, ಲೂಮಿನ ಸದ್ದಿನಾಗ ಸಿಗ್ನಲ್ ಚೂರು ಚೂರು ಬರತೈತಿ. ಅದರಾಗ ಎಲ್ಲಾ ಮಾತು ಹಿಡಿಸೂದಿಲ್ಲ. ಆದ್ರ ಎಲ್ಲಾ ಮಾತು ಯಾಕ ಬೇಕು? ಮನುಷ್ಯಾ ದಿನಾ ಹೇಳಿದ್ದನ್ನ ಹೇಳತಾನ! ನನ್ನ ಪೆಟ್ಟಿಗಿ, ಒಮ್ಮೆ ಕೇಳಿದ್ದನ್ನ ಹೊಟ್ಯಾಗ ಇಟಗೋತೈತಿ. ಮತ್ತ ಬಂದ್ರ ಬಾಜೂಕ ಸರಿಸತೈತಿ. ಹೊಸದು ಅಷ್ಟ ಹೊರಗ ಬಿಡತೈತಿ!"

"ಅಂದ್ರ ಅಕ್ಕಿ ಆರಿಸಿದಂಗ?"

"ಅದ ನೋಡು! ಓಣ್ಯಾಗ ನೀನೊಬ್ಬಾಕಿ ಶಾಣ್ಯಾ!"

ಸ್ವಿಚ್ಚು ಒತ್ತಿದ. ಎದುರು ಸಾಲಿನಲ್ಲಿ ಲೂಮುಗಳು ಧಡಧಡ ಓಡುತ್ತಿದ್ದವು. ಆದರೂ ರೇಡಿಯೋ ಮಾತಾಡಿತು! ತಡವರಿಕೆ ಇಲ್ಲ, ಗೊರಗೊರ ಇಲ್ಲ. ನಾನು ಕೈ ಮುಗಿದೆ. ಕಾಶವ್ವ ಅಂದು ಗಂಡನಿಗೆ ಬೆಲ್ಲದ ಮಾದಲಿ ಮಾಡಿ ಹಾಕಿದಳು.

ಮೊದಲ ವಾರ ಓಣಿಯೇ ಅವನ ಮನೆಯಲ್ಲಿ ನೆರೆಯಿತು. ಮಂತ್ರಿಗಳ ಭಾಷಣ ಬಂದರೆ "ಆತ್ಮೀಯರೇ" ಎಂದು ಶುರುವಾಗಿ ನೇರ "ಧನ್ಯವಾದಗಳು" ಎಂದು ಮುಗಿಯುತ್ತಿತ್ತು. ನಡುವಿನದೆಲ್ಲ ಹಿಂದೆ ಯಾರೋ ಹೇಳಿದ್ದೇ! ಜನ ಚಪ್ಪಾಳೆ ತಟ್ಟಿದರು. ಇಷ್ಟು ಚೆಂದದ ಭಾಷಣ ತಾವು ಕೇಳಿಯೇ ಇಲ್ಲ ಎಂದರು.

ಗಂಗವ್ವ ಕೈ ತಿರುವಿ, "ಮುರಿಗೆಪ್ಪಾ, ಇಂಥಾದ್ದೊಂದು ನನ್ನ ಗಂಡಗ ಹಚ್ಚಿಕೊಡ್ತೀಯೇನು?" ಎಂದಳು.

"ಬ್ಯಾಡಬೇ ಗಂಗವ್ವಾ. ಆಮ್ಯಾಲೆ ಅಂವಾ ಮೂಕಾಗತಾನ."

ಎರಡನೆಯ ವಾರ ಪೆಟ್ಟಿಗೆಗೆ ಇನ್ನಷ್ಟು ಗೊತ್ತಾಗಿತ್ತು. ಹವಾಮಾನದಲ್ಲಿ ಮಳೆಯ ಮಾತೇ ಬರಲಿಲ್ಲ. "ಹಗುರ ಮಳೆ ಸಂಭವ" ಎಂಬುದನ್ನು ಅದು ಮೊದಲೇ ಕೇಳಿತ್ತು. ನಾನು ನೂಲಿಗೆ ಗಂಜಿ ಹಚ್ಚಿ ಅಂಗಳದಲ್ಲಿ ಹರವಿದೆ. ಮಳೆ ಬಂತು. ಹಗುರವಾಗಿಯೇ ಬಂತು, ಆದರೆ ಗಂಜಿಯನ್ನೆಲ್ಲ ಚರಂಡಿಗೆ ಒಯ್ದಿತು.

"ಏ ಮುರಿಗೆಪ್ಪಾ! ಮಳಿ ಅಂತ ಯಾಕ ಹೇಳಲಿಲ್ಲ ನಿನ್ನ ಪೆಟ್ಟಿಗಿ?"

"ಹಿಂದಕ ಹೇಳಿತ್ತಲ್ಲಕ್ಕಾ!"

"ಹಿಂದಕ ಬಂದ ಮಳಿ ಬ್ಯಾರೆ, ಇದು ಬ್ಯಾರೆ ಮಳಿ ಅಲ್ಲೇನೋ!"

ಅವನು ತಲೆ ಕೆರೆದುಕೊಂಡ. ಸರಿಪಡಿಸುವ ಬದಲು ಮತ್ತೊಂದು ಸುಧಾರಣೆ ಮಾಡಿದ. ಪೆಟ್ಟಿಗೆಗೆ ಒಂದು ಕಿವಿ ಇಟ್ಟ. ಅಂದರೆ ಒಂದು ಮೈಕು. "ಮನ್ಯಾಗ ನಾವು ಆಡಿದ ಮಾತನ್ನೂ ಇದು ಕೇಳಿಸಿಕೊಳ್ಳಲಿ. ನಮಗ ಗೊತ್ತಿದ್ದದ್ದನ್ನ ರೇಡಿಯೋ ಮತ್ತ ಯಾಕ ಹೇಳಬೇಕು?" ಎಂದ. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಶ್ರಾವಣ ಹತ್ತಿರ ಬಂತು. ನಾವು ಹಾಡಿದ್ದು ಮುಗಿದ ಕೆಲಸ, ಧ್ವನಿಮುದ್ರಣ ಆಗಿಹೋಗಿತ್ತು. ಆದರೂ ಕಾಶವ್ವ ಮುಂಜಾನೆ ಎದ್ದು, ಮಿಂದು, ವಿಭೂತಿ ಧರಿಸಿ, ಅದೇ ಪದ ಹಾಡತೊಡಗಿದಳು. "ಹಾಡಿದ್ದಕ್ಕ ಮತ್ತ್ಯಾಕ ತಾಲೀಮು?" ಎಂದರೆ, "ಅವತ್ತು ರೇಡಿಯೋದಾಗ ಚೊಲೋ ಬರಲಿ ಅಂತ" ಎಂದಳು. ಅವಳ ಭಕ್ತಿ ಹಾಗೆ. ಹಿಂದೆ ಹಾಡಿದ ಪದ ಕೂಡ ಇವತ್ತಿನ ಸಾಧನೆಯಿಂದ ಸುಧಾರಿಸೀತು ಎಂಬ ನಂಬಿಕೆ. ರೇಡಿಯೋದ ಮುಂದೆಯೇ ಕುಳಿತು ಪಲ್ಲವಿ ಎತ್ತುತ್ತಿದ್ದಳು:

ನೂಲಿನೊಳಗ ನೂಲಾಗಿ ಕುಂತೀಯಲ್ಲೋ ಗುರುವೆ,
ನೇಯಾವ ನಾನೆಂದು ನಾ ಮೆರೆದೆನಲ್ಲೋ!

ನುಡಿಗೊಮ್ಮೆ ಈ ಪಲ್ಲವಿ. ದಿನಾ ಬೆಳಗ್ಗೆ. ಪೆಟ್ಟಿಗೆಯ ಕಿವಿ ತೆರೆದೇ ಇತ್ತು.

ಸೋಮವಾರ ಬಂತು. ಅಂಗಳ ಸಾರಿಸಿ, ರೇಡಿಯೋಕ್ಕೆ ಮಾಲೆ ಹಾಕಿ, ಜಮಖಾನೆ ಹಾಸಿ ಕುಳಿತೆವು. ಕಾಶವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಚಹಾ ಬಂತು. ಎಲ್ಲರೂ ಕಪ್ಪಿನಿಂದ ಬಸಿಗೆ ಸುರಿದುಕೊಂಡರು.

"ಈಗ ಕೇಳಿ, ಕಾಶವ್ವ ಮತ್ತು ಸಂಗಡಿಗರಿಂದ ತತ್ವಪದ!"

ನಾವೆಲ್ಲ ಬಸಿ ಕೆಳಗಿಟ್ಟು ಮುಂದಕ್ಕೆ ಸರಿದೆವು. ರೇಡಿಯೋದಿಂದ "ಖೊಳ್... ಖೊಳ್" ಎಂದು ಎರಡು ಸಲ ಕೆಮ್ಮು ಬಂತು. ಗಂಗವ್ವನದು. ಆಮೇಲೆ ಯಾರದೋ ಬಳೆಯ ಸದ್ದು. ಆಮೇಲೆ, "ಇದುವರೆಗೆ ತತ್ವಪದ ಕೇಳಿದಿರಿ."

ಬಸಿಯಲ್ಲಿದ್ದ ಚಹಾ ಇನ್ನೂ ಬಿಸಿಯಿತ್ತು.

ಉಳಿದದ್ದೆಲ್ಲ ಪೆಟ್ಟಿಗೆ ಕೇಳಿದ್ದೇ ಆಗಿತ್ತು! ದಿನಾ ಅದರ ಮುಂದೆ ಹಾಡಿದರೆ ಇನ್ನೇನು ಉಳಿದೀತು? ಹೊಸದೆಂದರೆ ಗಂಗವ್ವನ ಕೆಮ್ಮೊಂದೇ.

"ನಾ ರೇಡಿಯೋದಾಗ ಬಂದೆ!" ಎಂದು ಗಂಗವ್ವ ಎದ್ದು ನಿಂತಳು. ಕಾಶವ್ವನ ಮುಖ ನೋಡಿ ಮತ್ತೆ ಕೂತಳು.

ಕಾಶವ್ವ ಬಾಯಿ ಬಿಡಲಿಲ್ಲ. ಬಯ್ದಿದ್ದರೆ ಮುರಿಗೆಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಸೀರೆ ಬದಲಿಸಿ, ರೊಟ್ಟಿ ಬಡಿದು ಬಡಿಸಿದಳು. ಮುಂದಿನ ಸೋಮವಾರ ಭಜನೆಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಗಂಗವ್ವ ಮುಂದೆ ಹಾಡಿ ನೋಡಿದಳು. ಅವಳ ಶ್ರುತಿಗೆ ನನ್ನ ತಾಳ ಕೂಡಲಿಲ್ಲ, ತಾಳಕ್ಕೆ ಉಳಿದವರು ಕೂಡಲಿಲ್ಲ. ನಾವು ಮಂಗಳಾರತಿ ಮಾಡಿ ಬೇಗ ಎದ್ದೆವು.

"ನನ್ನ ದನಿ ದೇವರಿಗೂ ಬ್ಯಾಡಾಗೈತಿ ಬಾಳವ್ವಾ" ಎಂದು ಕಾಶವ್ವ ಗೋಡೆಯ ತೂತಿನಿಂದ ಹೇಳಿದಳು. "ಕೆಮ್ಮು ಹಾದು ಬಂತು, ನನ್ನ ಪದ ಹಾದು ಬರಲಿಲ್ಲ."

ನಾನು ಮುರಿಗೆಪ್ಪನನ್ನು ಹಿಡಿದು ಕೇಳಿದೆ: "ಆ ಪದ ಎಲ್ಲಿ ಹೋತೋ?"

"ಎಲ್ಲೂ ಹೋಗಿಲ್ಲಕ್ಕಾ. ಬಾಜೂಕ ಸರಿಸಿದ್ದೆಲ್ಲಾ ಪೆಟ್ಟಿಗಿ ಹೊಟ್ಯಾಗ ಐತಿ! ಉಲ್ಟಾ ತಿರುಗಿಸಿದ್ರ ಹೊರಗ ಬರಬೇಕು." ಅವನ ಕಣ್ಣು ಹೊಳೆಯಿತು. ಆ ಹೊಳಪು ಕಂಡರೆ ನಾವು ಸಾಮಾನ್ಯವಾಗಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ.

ಮರುದಿನ ಮಧ್ಯಾಹ್ನ ಕಾಶವ್ವ ಗಂಗವ್ವನ ಮನೆಗೆ ಚಕ್ಕಲಿ ಮಾಡಲು ಹೋಗಿದ್ದಳು. ಅಲ್ಲಿಗೂ ಕೇಳಲೆಂದು ಮುರಿಗೆಪ್ಪ ಮದುವೆ ಮನೆಯ ಕಹಳೆ ಸ್ಪೀಕರನ್ನು ಮಾಳಿಗೆಗೆ ಏರಿಸಿ ಪೆಟ್ಟಿಗೆಗೆ ಜೋಡಿಸಿದ. ವೈರು ಅದಲು ಬದಲು ಮಾಡಿ ಸ್ವಿಚ್ಚು ಒತ್ತಿದ.

"ನಮಸ್ಕಾರ!" ಎಂದಿತು ಪೆಟ್ಟಿಗೆ. "ನಮಸ್ಕಾರ, ನಮಸ್ಕಾರ, ನಮಸ್ಕಾರ..." ಅಷ್ಟು ದಿನ ನುಂಗಿದ ನಮಸ್ಕಾರಗಳೆಲ್ಲ ಸಾಲಾಗಿ ಬಂದವು. ಓಣಿಯ ಹಿರಿಯರು ಮೊದಮೊದಲು ತಿರುಗಿ ನಮಸ್ಕಾರ ಮಾಡಿದರು, ಆಮೇಲೆ ಕೈಸೋತು ಬಿಟ್ಟರು. ಹಿಂದೆಯೇ "ಆತ್ಮೀಯರೇ, ಆತ್ಮೀಯರೇ!" ಅದರ ಬೆನ್ನಿಗೆ ಹಗುರ ಮಳೆ, ಹಗುರ ಮಳೆ, ಹಗುರ ಮಳೆ. ನೂಲು ಹರವಿದವರೆಲ್ಲ ಬಡಬಡ ಮಡಚಿಕೊಂಡರು. ಒಂದೇ ಅಲೆಯ ಮೇಲೆ ಎಷ್ಟೋ ಕಾರ್ಯಕ್ರಮ ಎಂದಿದ್ದರಲ್ಲ, ಆ ಮಾತು ಅಂದು ನಿಜವಾಯಿತು. ಎಲ್ಲವೂ ಕೂಡಿಯೇ ಬಂದವು!

ಆಮೇಲೆ ಮನೆಯ ಮಾತು ಶುರುವಾಯಿತು.

"ಇನ್ನೆರಡು ದಿನದಾಗ ಮುಗೀತೈತಿ. ಇನ್ನೆರಡು ದಿನದಾಗ ಮುಗೀತೈತಿ." ಇದು ಮುರಿಗೆಪ್ಪನ ದನಿ. ಊರವರ ಮಿಕ್ಸರು, ಫ್ಯಾನು, ಟಿ.ವಿ. ಇಟ್ಟುಕೊಂಡು ಅವನು ಆಡಿದ ಮಾತು. ಮಾಳಿಗೆಯ ಮೇಲಿನಿಂದ ಅದು ಊರಿಗೆಲ್ಲ ಸಾರತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು.

"ಬಂದ್ ಮಾಡೋ!" ಎಂದು ನಾನು ಕೂಗಿದೆ. ಅವನು ಪ್ಲಗ್ ಕಿತ್ತ. ನಿಲ್ಲಲಿಲ್ಲ. ಬ್ಯಾಟರಿ ತೆಗೆದ. ನಿಲ್ಲಲಿಲ್ಲ.

"ಕರೆಂಟ್ ಎಲ್ಲಿಂದ ಬರಾಕತ್ತೈತಿ?"

"ಡಿಜಿಟಲ್ ಅಕ್ಕಾ! ಕರೆಂಟಿನ ವಾಸನಿ ಇದ್ರ ಸಾಕು ಇದಕ್ಕ!" ಎಂದ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಕೌದಿ ಹೊದಿಸಿದೆವು. ಜೋಳದ ಚೀಲದ ನಡುವೆ ಹೂತೆವು. ಆದರೂ ಮಾಳಿಗೆಯಿಂದ "ಉಣ್ಣಾಕ ಬರ್ರಿ, ಆರಿ ಹೋಗತೈತಿ" ಎಂದು ಕಾಶವ್ವನ ಮಾತು ಬಂತು. ಅಷ್ಟರಲ್ಲಿ ಖರೇ ಕಾಶವ್ವ ಚಕ್ಕಲಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಿಂದೆ ಗಂಗವ್ವ.

"ಓಣ್ಯಾಗ ಮಾನ ಕಳದ್ರಿ! ಆ ಪೆಟ್ಟಿಗೀನ ಬಾವ್ಯಾಗ..." ಎನ್ನುತ್ತಿದ್ದಂತೆ ಪೆಟ್ಟಿಗೆ ಒಮ್ಮೆಲೇ ಸುಮ್ಮನಾಯಿತು. ಎದುರು ಸಾಲಿನ ಲೂಮುಗಳೂ ಈ ಗದ್ದಲಕ್ಕೆ ಆಗಲೇ ನಿಂತಿದ್ದವು.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಎಲ್ಲಕ್ಕಿಂತ ಅಡಿಯಲ್ಲಿತ್ತೆಂದು ತೋರುತ್ತದೆ. ಮಾಳಿಗೆಯ ಮೇಲಿನಿಂದ ನಿಧಾನವಾಗಿ ಬಂತು:

ನೂಲಿನೊಳಗ ನೂಲಾಗಿ ಕುಂತೀಯಲ್ಲೋ ಗುರುವೆ...

ಕಾಶವ್ವ ಎತ್ತಿದ ಕೈ ಹಾಗೆಯೇ ನಿಂತಿತು. ಪಲ್ಲವಿ ಮುಗಿಯುವ ತನಕ ಕೇಳಿದಳು. ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: "ಯಾರಬೇ ಇಕಿ? ಬಾಳ ಚೊಲೋ ಹಾಡತಾಳ. ನಮ್ಮ ಪದ ಎಲ್ಲಿ ಕಲತಳು?"

"ನೀನ ಬೇ, ಕಾಶಿ."

ಅವಳು ನನ್ನ ಮುಖ ನೋಡಿದಳು. ಗಂಗವ್ವನ ಮುಖ ನೋಡಿದಳು. ಗಂಗವ್ವ ತಲೆ ಆಡಿಸಿದಳು. ಚುಚ್ಚಲು ಅವಳಿಗೂ ಮನಸ್ಸಾಗಲಿಲ್ಲ. ಕಾಶವ್ವ ಹಿಟ್ಟಿನ ಕೈಯಿಂದಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಪರರೆಂದು ತಿಳಿದು ತನ್ನನ್ನೇ ಹೊಗಳಿದವಳ ನಾಚಿಕೆಯನ್ನು ನಾನು ಅಂದೇ ಮೊದಲು ಕಂಡದ್ದು.

ಪಲ್ಲವಿ ಮುಗಿಸಿದ ಪೆಟ್ಟಿಗೆ ಕಾಯುತ್ತಾ ನಿಂತಿತ್ತು. ನುಡಿಗಳು ಅದರ ಹೊಟ್ಟೆಯಲ್ಲೇ ಎಲ್ಲೋ ಸಿಕ್ಕಿಕೊಂಡಿರಬೇಕು, ಅವು ಇರಬೇಕಾದಷ್ಟು ಜಾಗ ಖಾಲಿ. ಮತ್ತೆ ಪಲ್ಲವಿ, ಮತ್ತೆ ಖಾಲಿ. ಮೂರನೆಯ ಸಲ ಕಾಶವ್ವ ಅಂಗಳದಲ್ಲೇ ಕುಳಿತು, ಕಣ್ಣು ಮುಚ್ಚಿ, ಆ ಜಾಗದಲ್ಲಿ ನುಡಿ ಎತ್ತಿದಳು. ಸರಿಯಾದ ಹೊತ್ತಿಗೆ ಮಾಳಿಗೆಯಿಂದ ಪಲ್ಲವಿ ಬಂತು. ನಾನು ಒಳಗೆ ಓಡಿ ತಾಳ ತಂದೆ.

ಆ ಪೆಟ್ಟಿಗೆ ಇನ್ನೂ ನಿಂತಿಲ್ಲ, ಆ ಪಲ್ಲವಿಯೊಂದನ್ನೇ ಹಾಡುತ್ತದೆ. ಸುದ್ದಿ, ಹವಾಮಾನ ಯಾವುದನ್ನೂ ಹಿಡಿಯುವುದಿಲ್ಲ. ಮುರಿಗೆಪ್ಪ ಬಿಚ್ಚುತ್ತೇನೆಂದರೆ ಅಕ್ಕನ ಬಳಗ ಅವನನ್ನು ಹತ್ತಿರ ಬಿಡುವುದಿಲ್ಲ. ಸೋಮವಾರ ಕೌದಿ ತೆಗೆದು, ವಿಭೂತಿ ಹಚ್ಚಿ, ನಮ್ಮ ಸಾಲಿನಲ್ಲಿ ಗಂಗವ್ವನ ಪಕ್ಕಕ್ಕೆ ಕೂರಿಸುತ್ತೇವೆ. ತಪ್ಪದೆ ಹಿಂದೆ ಹೇಳುತ್ತದೆ. ಕೆಮ್ಮುವುದಿಲ್ಲ.

ಮೊನ್ನೆ ರೇಡಿಯೋ ಕೇಂದ್ರದಿಂದ ಒಬ್ಬರು ಬಂದಿದ್ದರು. ಡಿಜಿಟಲ್ ರೇಡಿಯೋ ಹೇಳಿದಂತೆ ನಡೆದುಕೊಂಡಿದೆಯೇ, ಕೇಳುವವರಿಗೆ ಅನುಕೂಲವಾಗಿದೆಯೇ ಎಂದು ವಿಚಾರಿಸಿದರು.

"ಕೇಳೋರ ಸುದ್ದಿ ನಮಗ ಗೊತ್ತಿಲ್ರಿ" ಎಂದೆ ನಾನು. "ಹಾಡೋರಿಗೆ ಏನೂ ತ್ರಾಸ ಇಲ್ಲ."